ಕರ್ತೃವಿಲ್ಲದ ವಾಕ್ಯ

ಪ್ರಶ್ನೆ: ನಾನು ಕಂಪನಿಯೊಂದರಲ್ಲಿ ವ್ಯವಸ್ಥಾಪಕ. ತಂಡದವರೆಲ್ಲ ಬೇಡವೆಂದರೂ ಕೇಳದೆ, ಚೆನ್ನಾಗಿಯೇ ನಡೆಯುತ್ತಿದ್ದ ಹಳೆಯ ತಂತ್ರಾಂಶವನ್ನು ತೆಗೆಸಿ ಹೊಸದನ್ನು ಹಾಕಿಸಿದೆ. ಎಂಟು ತಿಂಗಳಾದರೂ ಅದರಲ್ಲಿ ಒಂದು ಬಿಲ್ಲೂ ನೆಟ್ಟಗೆ ಬಂದಿಲ್ಲ. ನೌಕರರು ಗುಟ್ಟಾಗಿ ಎಕ್ಸೆಲ್‌ನಲ್ಲಿಯೇ ಲೆಕ್ಕ ಬರೆಯುತ್ತಿದ್ದಾರೆ. ಮುಂದಿನ ವಾರ ಮೇಲಧಿಕಾರಿಗಳ ಮುಂದೆ ಇದನ್ನು ಸಮರ್ಥಿಸಿಕೊಳ್ಳಬೇಕಾಗಿದೆ. ಏನು ಹೇಳಲಿ?
– ಹೆಸರು ಬೇಡ

ಉತ್ತರ: ಹೆಸರು ಬೇಡವೆಂದು ಬರೆದಾಗಲೇ ಅರ್ಧ ಪಾಠವನ್ನು ನೀವು ಕಲಿತಾಗಿದೆ. ಉಳಿದರ್ಧ ಬರೀ ವ್ಯಾಕರಣ. ‘ನಾನು ತಂತ್ರಾಂಶ ಕೊಂಡೆ’ ಎಂಬುದು ತಪ್ಪೊಪ್ಪಿಗೆ. ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ‘ನನ್ನಿಂದ ತಂತ್ರಾಂಶವು ಕೊಳ್ಳಲ್ಪಟ್ಟಿತು’ ಎಂದಾಗುತ್ತದೆ. ಅಲ್ಲಿಂದ ‘ನನ್ನಿಂದ’ ಎಂಬುದನ್ನು ಮೆಲ್ಲಗೆ ಎತ್ತಿಟ್ಟು, ‘ಡಿಜಿಟಲ್ ಟ್ರಾನ್ಸ್‌ಫಾರ್ಮೇಷನ್ನಿನ ಭಾಗವಾಗಿ, ಎಲ್ಲ ಸ್ಟೇಕ್‌ಹೋಲ್ಡರುಗಳ ಅಲೈನ್‌ಮೆಂಟಿನೊಂದಿಗೆ ನೂತನ ಪ್ಲಾಟ್‌ಫಾರ್ಮನ್ನು ಅಳವಡಿಸಿಕೊಳ್ಳಲಾಯಿತು’ ಎಂದುಬಿಟ್ಟರೆ, ತಂತ್ರಾಂಶವು ತಾನಾಗಿಯೇ ನಡೆದು ಬಂದು ಕಂಪ್ಯೂಟರಿನೊಳಗೆ ಕುಳಿತಂತೆ ಕೇಳಿಸುತ್ತದೆ. ಸರ್ಕಾರಿ ಕಡತಗಳನ್ನು ಓದಿದವರಿಗೆ ಈ ‘ಲಾಯಿತು’ವಿನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ತಂಡದವರ ವಿರೋಧವನ್ನು ‘ಚೇಂಜ್ ಮ್ಯಾನೇಜ್‌ಮೆಂಟಿನ ಸವಾಲು’ ಎನ್ನಿ. ಬಿಲ್ಲು ಬಾರದಿರುವುದು ‘ಲರ್ನಿಂಗ್’ (ಶಾಲೆಯಲ್ಲಿ ಇದನ್ನು ನಪಾಸು ಎನ್ನುತ್ತಿದ್ದರು). ಎಕ್ಸೆಲ್ಲಿನ ಕಳ್ಳಲೆಕ್ಕ ‘ಹೈಬ್ರಿಡ್ ಮಾದರಿ’.

ಈ ವಿದ್ಯೆ ಹೊಸದೇನಲ್ಲ. 1970ರ ದಶಕದಲ್ಲಿ ಅಮೆರಿಕದ ಕಾರು ತಯಾರಕರು ‘ಡೌನ್‌ಸೈಜಿಂಗ್’ ಎಂದಾಗ, ಇಂಧನ ತುಟ್ಟಿಯಾದ ಕಾಲಕ್ಕೆ ತಕ್ಕಂತೆ ಕಾರಿನ ಗಾತ್ರವನ್ನು ಕುಗ್ಗಿಸುವುದು ಎಂದಷ್ಟೇ ಅದರ ಅರ್ಥವಾಗಿತ್ತು. 1980ರ ದಶಕದಲ್ಲಿ ಆ ಪದವು ಕಾರಿನಿಂದ ಇಳಿದು ನೌಕರರ ಹೆಗಲೇರಿತು, ಅವರನ್ನು ಕೆಲಸದಿಂದ ತೆಗೆಯುವುದಕ್ಕೂ ಅದೇ ಹೆಸರಾಯಿತು. ಅದೂ ಕಿವಿಗೆ ಕಟುವೆನಿಸತೊಡಗಿದಾಗ ‘ರೈಟ್‌ಸೈಜಿಂಗ್’ ಎಂಬುದನ್ನು ಮುಂದೆ ಬಿಡಲಾಯಿತು. ಯಾರು ಬಿಟ್ಟರೆಂದು ಕೇಳಬೇಡಿ, ನಾನೂ ‘ಲಾಯಿತು’ ಎಂದೇ ಬರೆದಿದ್ದೇನೆ.

ಒಂದೇ ಒಂದು ಅಪಾಯವಿದೆ. ಸಭೆಯ ಮೂಲೆಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಕುಳಿತಿರುತ್ತಾರೆ. ನಿಮ್ಮ ಇಪ್ಪತ್ತು ಸ್ಲೈಡುಗಳೂ ಮುಗಿಯುವ ತನಕ ತುಟಿ ಬಿಚ್ಚದ ಅವರು, ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತಾ, ‘ಈಗ ಬಿಲ್ಲು ಬರುತ್ತದೆಯೋ, ಇಲ್ಲವೋ?’ ಎಂದು ಕೇಳುತ್ತಾರೆ. ಅದಕ್ಕೆ ಈ ಭಾಷೆಯಲ್ಲಿ ಉತ್ತರವಿಲ್ಲ. ‘ಇದನ್ನು ಆಫ್‌ಲೈನ್‌ನಲ್ಲಿ ಚರ್ಚಿಸೋಣ ಸರ್’ ಎಂದು ಮುಂದಿನ ಸ್ಲೈಡಿಗೆ ಹೊರಟುಬಿಡಿ. ಅದಕ್ಕೆಂದೇ ಇಪ್ಪತ್ತೊಂದನೆಯದಾಗಿ ಖಾಲಿ ಸ್ಲೈಡೊಂದನ್ನು ಇಟ್ಟುಕೊಂಡಿರಿ.