ಕರಿಯನ ಬೂದಿಯನ್ನು ಗ್ಲೇಜ್‌ಗೆ ಬೆರೆಸಬಹುದಾ?

ಪ್ರಶ್ನೆ: 13 ವರ್ಷ ನಮ್ಮ ಜೊತೆಗಿದ್ದ ನಾಯಿ ಕರಿಯ ಹೋದ ತಿಂಗಳು ತೀರಿಕೊಂಡ. ವಿದ್ಯುತ್ ಚಿತಾಗಾರದವರು ಬೂದಿ ಕೊಟ್ಟಿದ್ದಾರೆ. ನಾನು ಕುಂಬಾರಿಕೆ ಕ್ಲಾಸಿಗೆ ಹೋಗುತ್ತೇನೆ. ಬೂದಿಯನ್ನು ಗ್ಲೇಜ್‌ಗೆ (ಮಣ್ಣಿನ ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪ) ಬೆರೆಸಿ ಒಂದು ಕಾಫಿ ಲೋಟ ಮಾಡಿಕೊಳ್ಳುವ ಆಸೆ. ಆಗುತ್ತಾ?

ಉತ್ತರ: ಆಗುತ್ತದೆ. 13 ವರ್ಷ ಬಾಗಿಲಲ್ಲಿ ಕಾದವನನ್ನು ಡಬ್ಬಿಯಲ್ಲಿ ನೋಡುವುದು ಕಷ್ಟ, ಅಲ್ವಾ? ಆದರೆ ಲೋಟ ಬೇಡ, ದೀಪ ಮಾಡಿ. ಹೀಗೆ ಬೆರೆಸಿದ ಗ್ಲೇಜ್‌ನಲ್ಲಿ ಸೂಜಿಮೊನೆಯಂಥ ತೂತು ಬೀಳುವುದುಂಟು. ಬಾಯಿಗೆ ತಾಗುವ ಪಾತ್ರೆಗೆ ಅದು ಒಳ್ಳೆಯದಲ್ಲ.

ಇದು ಒಲೆಯ ಬೂದಿಯಂಥದ್ದಲ್ಲ. ಸುಟ್ಟ ಮೂಳೆ, ಹೆಚ್ಚಿನ ಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಬೋನ್ ಚೈನಾ ಪಿಂಗಾಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೂಳೆ ಬೂದಿಯೇ ಇರುತ್ತದೆ.

ಮೊದಲು ಕಾಗದದ ಮೇಲೆ ಹರಡಿ. ರವೆಯಂಥ ಬಿಳಿ ಚೂರುಗಳ ನಡುವೆ ತಂತಿ, ಮೊಳೆ ಇದ್ದರೆ ತೆಗೆಯಿರಿ. ಮಾಸ್ಕ್ ಹಾಕಿಕೊಂಡು ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿಮಾಡಿ, 80 ಮೆಶ್ (ಇಂಚಿಗೆ 80 ಕಣ್ಣಿರುವ) ಜರಡಿಯಲ್ಲಿ ಸೋಸಿ. ನೀರಲ್ಲಿ ಕಲಕಿ, ತಳಕ್ಕಿಳಿದ ಮೇಲೆ ನೀರು ಬಸಿಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಉಪ್ಪು ಹೋಗುತ್ತದೆ. ಆ ನೀರನ್ನು ಪ್ರೀತಿಯಿಂದ ಕುಂಡದ ಗಿಡಕ್ಕೆ ಹಾಕಲು ಮನಸ್ಸಾಗುತ್ತದೆ. ಬೇಡ, ಉಪ್ಪಿಗೆ ಗಿಡ ಬಾಡುತ್ತದೆ.

100 ಗ್ರಾಂ ಒಣ ಗ್ಲೇಜ್ ಪುಡಿಗೆ ಒಣಗಿಸಿದ ಬೂದಿ 5 ಗ್ರಾಂ ಸಾಕು. ಜಾಸ್ತಿಯಾದರೆ ಗುಳ್ಳೆ ಏಳುತ್ತದೆ, ಮೈ ಒರಟಾಗುತ್ತದೆ. ಸುಮ್ನೆ ಮೇಲೆ ಉದುರಿಸಿದರೂ ಆಗದು. ಸ್ಟೋನ್‌ವೇರ್ (ಹೆಚ್ಚು ಕಾವಿನ ಗಟ್ಟಿ ಮಣ್ಣಿನ ಪಾತ್ರೆ) ಸುಡುವ 1220 ಡಿಗ್ರಿ ಸೆಲ್ಸಿಯಸ್‌ನಲ್ಲೂ ಈ ಬೂದಿ ತಾನಾಗಿ ಕರಗುವುದಿಲ್ಲ, ಸುಣ್ಣದ ಚುಕ್ಕೆಯಂತೆ ಉಳಿಯುತ್ತದೆ. ಗ್ಲೇಜ್‌ನೊಳಗೆ ಬೆರೆತರೆ ಮಾತ್ರ ಕರಗುತ್ತದೆ. ಊರ ಕುಂಬಾರರ ಆವಿಗೆಯ ಕಾವು ಇದಕ್ಕೆ ಸಾಲದು.

ಒಂದು ಮಾತು ಒತ್ತಿ ಹೇಳುತ್ತೇನೆ. ಕರಿಯನ ಬೂದಿಯಲ್ಲಿ ಪ್ರಯೋಗ ಮಾಡಬೇಡಿ. ಸೆರಾಮಿಕ್ ಸಾಮಾನು ಮಾರುವವರಲ್ಲಿ ಬೋನ್ ಆ್ಯಶ್, ಅಂದರೆ ಮೂಳೆ ಬೂದಿ, ಸಿಗುತ್ತದೆ. ಅದನ್ನು ಹಾಕಿ ನಾಲ್ಕೈದು ಬಿಲ್ಲೆ ಸುಟ್ಟು ನೋಡಿ. ತಿಳಿ ಗ್ಲೇಜ್ ಹಾಲಿನಂತೆ ಮಬ್ಬಾಗಬಹುದು, ಕಬ್ಬಿಣದ ಗ್ಲೇಜ್ ಕಂದುಗೆಂಪಿಗೆ ತಿರುಗಬಹುದು. ಮನಸ್ಸಿಗೆ ಹಿಡಿಸಿದ ಅಳತೆ ಸಿಕ್ಕ ಮೇಲೆ ಅವನ ಡಬ್ಬಿ ತೆಗೆಯಿರಿ. ಬೇರೆ ಬಟ್ಟಲಲ್ಲೇ ಕಲಸಿ, ಕ್ಲಾಸಿನ ಬಕೆಟ್‌ಗೆ ಬೀಳದಿರಲಿ. ನಿಮ್ಮ ಮೇಷ್ಟರಿಗೂ ಮೊದಲೇ ತಿಳಿಸಿ.

ಸುಟ್ಟ ಮೇಲೆ ಬೂದಿ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮಣ್ಣು ಹಸಿ ಇರುವಾಗಲೇ ತಳದಲ್ಲಿ ಅವನ ಹೆಸರು ಕೆತ್ತಿ, ಅಲ್ಲಿಗೆ ಗ್ಲೇಜ್ ಹಚ್ಚಬೇಡಿ. ಉಳಿದ ಬೂದಿ ಎತ್ತಿಡಿ. ಮೊದಲ ದೀಪ ಬಿರುಕು ಬಿಟ್ಟರೆ ಇನ್ನೊಂದಕ್ಕೆ ಬೇಕಾಗುತ್ತದೆ.