ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಮೊದಲ ಆಂಪ್ಲಿಫೈಯರಿಗೂ ಮುಂಚೆ

ಪ್ರಶ್ನೆ: ಮಾನ್ಯರೇ, ನಾನು ಎಂ.ಟೆಕ್. ಅಂತಿಮ ವರ್ಷದ ವಿದ್ಯಾರ್ಥಿನಿ. ಜಿಪಿಎಸ್ ರಿಸೀವರಿಗಾಗಿ 1575.42 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಎಲ್‌ಎನ್‌ಎ, ಅಂದರೆ ಲೋ ನಾಯ್ಸ್ ಆಂಪ್ಲಿಫೈಯರ್ ಒಂದನ್ನು 0.18 ಮೈಕ್ರಾನ್ ಸಿಮಾಸ್ ಚಿಪ್ ತಂತ್ರಜ್ಞಾನದಲ್ಲಿ ವಿನ್ಯಾಸ ಮಾಡುತ್ತಿದ್ದೇನೆ. ಗೇಟಿಗೊಂದು, ಸೋರ್ಸಿಗೊಂದು ಇಂಡಕ್ಟರ್ ಇರುವ ಕ್ಯಾಸ್ಕೋಡ್ (ಒಂದರ ಮೇಲೊಂದು ಎರಡು ಟ್ರಾನ್ಸಿಸ್ಟರುಗಳಿರುವ) ಸರ್ಕ್ಯೂಟ್ ಅದು. ಗೇಟ್-ಸೋರ್ಸ್ ಕೆಪಾಸಿಟೆನ್ಸ್ 0.5 ಪಿಕೊಫ್ಯಾರಡ್, ಟ್ರಾನ್ಸ್‌ಕಂಡಕ್ಟೆನ್ಸ್ 50 ಮಿಲಿಸೀಮೆನ್ಸ್. ನಷ್ಟವೇ ಇಲ್ಲದ ಆದರ್ಶ ಇಂಡಕ್ಟರುಗಳನ್ನಿಟ್ಟು ಸಿಮ್ಯುಲೇಶನ್ ನಡೆಸಿದಾಗ ನಾಯ್ಸ್ ಫಿಗರ್ (ಆಂಪ್ಲಿಫೈಯರ್ ತಾನೇ ಸೇರಿಸುವ ನಾಯ್ಸ್‌ನ ಅಳತೆ) 0.8 ಡೆಸಿಬೆಲ್ ಇತ್ತು. ಚಿಪ್‌ನ ಮೇಲೆಯೇ ಬರೆಯುವ ಸುರುಳಿ ಇಂಡಕ್ಟರಿನ ಮಾದರಿಯನ್ನು ಹಾಕಿದೊಡನೆ 2 ಡೆಸಿಬೆಲ್ ಆಯಿತು. ಟ್ರಾನ್ಸಿಸ್ಟರಿನ ಅಗಲವನ್ನೂ ಬಯಾಸನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡಿದ್ದರಿಂದ ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ಟ್ರಾನ್ಸಿಸ್ಟರಿನದಲ್ಲ, ಅದರ ಮುಂದೆ ಕುಳಿತಿರುವ ಗೇಟ್ ಇಂಡಕ್ಟರಿನದು. ನೀವು ಕೊಟ್ಟ ಅಂಕಿಗಳಿಂದಲೇ ಇದನ್ನು ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಕಂಡಕ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಭಾಗಿಸಿ ಸೋರ್ಸ್ ಇಂಡಕ್ಟೆನ್ಸಿನಿಂದ ಗುಣಿಸಿದರೆ ಇನ್‌ಪುಟ್‌ನ ರೋಧ ಸಿಗುತ್ತದೆ. ಅದು 50 ಓಂ ಆಗಬೇಕಾದರೆ ಸೋರ್ಸ್‌ನಲ್ಲಿ 0.5 ನ್ಯಾನೊಹೆನ್ರಿ ಸಾಕು. ಈ ರೋಧ ನಿಜವಾದ ರೆಸಿಸ್ಟರಿನದಲ್ಲವಾದ್ದರಿಂದ ತನ್ನ ಉಷ್ಣ ನಾಯ್ಸನ್ನು ಸೇರಿಸುವುದಿಲ್ಲ, ಈ ಸರ್ಕ್ಯೂಟಿನ ಜಾಣತನ ಇರುವುದೇ ಅಲ್ಲಿ. ಆದರೆ 0.5 ಪಿಕೊಫ್ಯಾರಡ್ ಜೊತೆ 1575 ಮೆಗಾಹರ್ಟ್ಸ್‌ನಲ್ಲಿ ಅನುರಣನವಾಗಲು ಒಟ್ಟು 20.4 ನ್ಯಾನೊಹೆನ್ರಿ ಬೇಕು. ಸೋರ್ಸಿನ 0.5 ಕಳೆದರೆ ಉಳಿದ 19.9 ನ್ಯಾನೊಹೆನ್ರಿಯ ಭಾರವೆಲ್ಲ ಗೇಟ್ ಇಂಡಕ್ಟರಿನ ಮೇಲೆ ಬೀಳುತ್ತದೆ. ಆ ಆವೃತ್ತಿಯಲ್ಲಿ ಅದರ ರಿಯಾಕ್ಟೆನ್ಸ್ ಸುಮಾರು 197 ಓಂ. ಚಿಪ್‌ನ ಮೇಲಿನ ಸುರುಳಿಯ ಕ್ಯೂ ಮೌಲ್ಯವನ್ನು, ಅಂದರೆ ರಿಯಾಕ್ಟೆನ್ಸಿಗೂ ರೋಧಕ್ಕೂ ಇರುವ ಅನುಪಾತವನ್ನು, 10 ಎಂದಿಟ್ಟುಕೊಂಡರೂ ಅದರೊಳಗೆ ಸರಣಿಯಲ್ಲಿ ಸುಮಾರು 20 ಓಂ ನಿಜವಾದ ರೋಧ ಅಡಗಿರುತ್ತದೆ, ಮತ್ತು ಅದು ಆಂಟೆನಾದ 50 ಓಂನ ಪಕ್ಕದಲ್ಲೇ ಕುಳಿತು ನಾಯ್ಸ್ ಹುಟ್ಟಿಸುತ್ತದೆ. ನಾಯ್ಸ್ ಫ್ಯಾಕ್ಟರಿಗೆ (ಡೆಸಿಬೆಲ್‌ಗೆ ತರುವ ಮುನ್ನ ನಾಯ್ಸ್ ಫಿಗರಿನ ಸರಳ ಅನುಪಾತ) ಅದು ಸೇರಿಸುವ ಪಾಲು 20ನ್ನು 50ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.4. ನಿಮ್ಮ 0.8 ಡೆಸಿಬೆಲ್ ಎಂದರೆ 1.2, ಅದಕ್ಕೆ 0.4 ಕೂಡಿದರೆ 1.6, ಡೆಸಿಬೆಲ್‌ಗೆ ತಂದರೆ ಸರಿಯಾಗಿ 2. ನಿಮ್ಮ ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ.

ಎಸ್11 (ಇನ್‌ಪುಟ್‌ನಿಂದ ವಾಪಸು ಚಿಮ್ಮುವ ಸಂಕೇತದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಕೂಡ ಅದೇ ಹೊತ್ತಿಗೆ ಕೆಟ್ಟಿರಬೇಕು. ಇನ್‌ಪುಟ್ ರೋಧ 50 ಇದ್ದದ್ದು 70 ಆದಾಗ ಅದು ಮೈನಸ್ 15 ಡೆಸಿಬೆಲ್ ಆಸುಪಾಸಿಗೆ ಬರುತ್ತದೆ. ಸೋರ್ಸ್ ಇಂಡಕ್ಟರನ್ನು 0.3 ನ್ಯಾನೊಹೆನ್ರಿಗೆ ಇಳಿಸಿದರೆ ಎಸ್11 ಮತ್ತೆ ಚೆನ್ನಾಗಿ ಕಾಣುತ್ತದೆ, ಆದರೆ ನಾಯ್ಸ್‌ನಲ್ಲಿ ಅಂಥ ಬದಲಾವಣೆಯೇನೂ ಕಾಣುವುದಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಎಸ್11 ಗ್ರಾಫ್ ಪಾತಾಳಕ್ಕೆ ಇಳಿದದ್ದನ್ನು ಕಂಡು ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಗರಿಷ್ಠ ಶಕ್ತಿಯನ್ನು ಒಳಗೆ ಬಿಟ್ಟುಕೊಳ್ಳುವ ಮ್ಯಾಚಿಂಗ್ ಬೇರೆ, ಕನಿಷ್ಠ ನಾಯ್ಸ್ ಕೊಡುವ ಮ್ಯಾಚಿಂಗ್ ಬೇರೆ. ಸೋರ್ಸ್ ಇಂಡಕ್ಟರ್ ಅವೆರಡನ್ನೂ ಹತ್ತಿರಕ್ಕೆ ತರುತ್ತದೆಯೇ ಹೊರತು ಒಂದಾಗಿಸಲೇಬೇಕೆಂಬ ನಿಯಮವಿಲ್ಲ.

ನಿಮಗೆ ಎರಡು ದಾರಿಗಳಿವೆ. ಗೇಟ್ ಇಂಡಕ್ಟರನ್ನು ಚಿಪ್‌ನ ಹೊರಗೆ, ಬೋರ್ಡಿನ ಮೇಲೆ ತಂತಿ ಸುತ್ತಿದ ಬಿಡಿಭಾಗವಾಗಿ ಇಡಬಹುದು. ಅದರ ಕ್ಯೂ 50 ಇದ್ದರೆ ರೋಧ 4 ಓಂಗೆ ಇಳಿದು ನಾಯ್ಸ್ ಫಿಗರ್ 1.1 ಡೆಸಿಬೆಲ್‌ಗೆ ಬರುತ್ತದೆ. ಎಲ್ಲವೂ ಚಿಪ್‌ನೊಳಗೇ ಇರಬೇಕೆಂಬ ಹಟವಿದ್ದರೆ ಗೇಟ್ ಮತ್ತು ಸೋರ್ಸ್ ನಡುವೆ ಇನ್ನೊಂದು 0.5 ಪಿಕೊಫ್ಯಾರಡ್ ಸೇರಿಸಿ. ಆಗ ಬೇಕಾಗುವ ಒಟ್ಟು ಇಂಡಕ್ಟೆನ್ಸ್ ಅರ್ಧಕ್ಕೆ ಇಳಿಯುತ್ತದೆ, ಅದರ ರೋಧವೂ 10 ಓಂ ಆಗುತ್ತದೆ. ಆದರೆ ಗೇನ್ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ, ಟ್ರಾನ್ಸಿಸ್ಟರಿನ ಸ್ವಂತ ನಾಯ್ಸ್‌ನ ಪಾಲು ಹೆಚ್ಚುತ್ತದೆ. ನಾನಾಗಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದೆ. ನಿಮ್ಮ 2 ಡೆಸಿಬೆಲ್ ನಾಚಿಕೆಪಡಬೇಕಾದ ಅಂಕಿಯೂ ಅಲ್ಲ. 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಶೇಫರ್ ಮತ್ತು ಲೀ ಇದೇ ಬಗೆಯ ಜಿಪಿಎಸ್ ಆಂಪ್ಲಿಫೈಯರನ್ನು 0.6 ಮೈಕ್ರಾನ್ ಸಿಮಾಸ್‌ನಲ್ಲಿ ಮಾಡಿ ತೋರಿಸಿದಾಗ ಅದರ ನಾಯ್ಸ್ ಫಿಗರ್ 3.5 ಡೆಸಿಬೆಲ್ ಇತ್ತು.

ಹಾಗಾದರೆ ಒಂದು ಡೆಸಿಬೆಲ್‌ಗೆ ಇಷ್ಟೇಕೆ ಒದ್ದಾಟ ಎಂದು ಪರೀಕ್ಷಕರು ಕೇಳಬಹುದು. ಉತ್ತರ ಸಿದ್ಧವಿರಲಿ. ಜಿಪಿಎಸ್ ಸಂಕೇತ ನೆಲಕ್ಕೆ ತಲುಪುವಾಗ ಸುಮಾರು ಮೈನಸ್ 130 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಇರುತ್ತದೆ. 290 ಕೆಲ್ವಿನ್‌ನಲ್ಲಿ ಉಷ್ಣ ನಾಯ್ಸ್ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ. 2 ಮೆಗಾಹರ್ಟ್ಸ್ ಅಗಲಕ್ಕೆ ಮೈನಸ್ 111. ಅಂದರೆ ಸಂಕೇತ ನಾಯ್ಸ್‌ಗಿಂತ 19 ಡೆಸಿಬೆಲ್ ಕೆಳಗೆ ಮುಳುಗಿರುತ್ತದೆ, ಅದನ್ನು ಮೇಲೆತ್ತುವುದು ನಂತರದ ಕೋಡ್ ಹೋಲಿಕೆಯ ಕೆಲಸ. ಇನ್ನೊಂದು ಸೂಕ್ಷ್ಮವೂ ಇದೆ. ಆಕಾಶ ನೋಡುವ ಆಂಟೆನಾದ ಉಷ್ಣತೆ (ಅದು ಹಿಡಿಯುವ ನಾಯ್ಸನ್ನು ಕೆಲ್ವಿನ್‌ನಲ್ಲಿ ಹೇಳಿದ್ದು) 290 ಕೆಲ್ವಿನ್ ಇರುವುದಿಲ್ಲ. ಅದನ್ನು 100 ಎಂದುಕೊಳ್ಳಿ. 1.1 ಡೆಸಿಬೆಲ್‌ನ ಆಂಪ್ಲಿಫೈಯರ್ ಅದಕ್ಕೆ ಸುಮಾರು 83 ಕೆಲ್ವಿನ್ ಸೇರಿಸಿದರೆ, 2 ಡೆಸಿಬೆಲ್‌ನದು 170 ಸೇರಿಸುತ್ತದೆ. 183 ಮತ್ತು 270ರ ನಡುವಿನ ಅಂತರ 1.7 ಡೆಸಿಬೆಲ್. ಕಾಗದದ ಮೇಲಿನ 0.9 ಡೆಸಿಬೆಲ್ ಆಕಾಶದಡಿಯಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದ ಹವ್ಯಾಸಿ ರೇಡಿಯೊ ಆಪರೇಟರ್. 145 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳನ್ನು ಆಲಿಸುತ್ತೇನೆ. ಆಂಟೆನಾ ಮಹಡಿಯ ಕಂಬದ ಮೇಲಿದೆ, ಕೇಬಲ್ ನಷ್ಟ 3 ಡೆಸಿಬೆಲ್. 1 ಡೆಸಿಬೆಲ್ ನಾಯ್ಸ್ ಫಿಗರ್, 20 ಡೆಸಿಬೆಲ್ ಗೇನ್ ಇರುವ ಪ್ರಿಆಂಪ್ (ರಿಸೀವರಿನ ಮುಂದೆ ಇಡುವ ಆಂಪ್ಲಿಫೈಯರ್) ಕೊಂಡಿದ್ದೇನೆ. ಮಳೆಗೆ ಹೆದರಿ ಅದನ್ನು ಕೋಣೆಯೊಳಗೆ ರಿಸೀವರಿನ ಪಕ್ಕದಲ್ಲೇ ಇಡಬಹುದೇ?

ಉತ್ತರ: ಇಡಬಹುದು, ಆದರೆ ಕೊಟ್ಟ ದುಡ್ಡಿನ ಹೆಚ್ಚಿನ ಪಾಲು ಕೇಬಲ್‌ನಲ್ಲೇ ಕರಗುತ್ತದೆ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ 1944ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಮೊದಲ ಹಂತದ ನಾಯ್ಸ್ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ, ಎರಡನೆಯದು ಮೊದಲಿನದರ ಗೇನ್‌ನಿಂದ ಭಾಗಿಸಲ್ಪಟ್ಟು ಬರುತ್ತದೆ. ನಿಮ್ಮ ರಿಸೀವರಿನದು 6 ಡೆಸಿಬೆಲ್ ಎಂದುಕೊಂಡರೆ, ಪ್ರಿಆಂಪ್ ಇಲ್ಲದೆ ಒಟ್ಟು 9. ಪ್ರಿಆಂಪ್ ಕೋಣೆಯಲ್ಲಿದ್ದರೆ 4.1, ಕಂಬದ ತುದಿಯಲ್ಲಿದ್ದರೆ 1.2. ಹಾಲಿಗೆ ನೀರು ಬೆರೆತ ಮೇಲೆ ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾಗುವುದಿಲ್ಲ. ಕೇಬಲ್‌ನ ನಷ್ಟವಾದ ನಂತರ ಎಷ್ಟು ವರ್ಧಿಸಿದರೂ ನಾಯ್ಸ್ ಜೊತೆಯಲ್ಲೇ ಬೆಳೆಯುತ್ತದೆ.

ಕಂಬದ ಮೇಲಿಡುವಾಗ ಡಬ್ಬಿಯ ಕೆಳಮುಖದಲ್ಲೇ ಕನೆಕ್ಟರುಗಳಿರಲಿ, ತಳದಲ್ಲಿ ನೀರು ಜಿನುಗಿ ಹೋಗಲು ಸಣ್ಣ ತೂತಿರಲಿ, ಕನೆಕ್ಟರಿನ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಮಲೆನಾಡಿನ ಮಳೆಗಾಲದಲ್ಲಿ ಕೇಬಲ್‌ನ ಹೆಣಿಗೆಯೊಳಗೆ ನೀರು ಇಳಿದರೆ 3 ಡೆಸಿಬೆಲ್ ನಷ್ಟ ಎಷ್ಟಾಗುತ್ತದೆಂದು ಹೇಳುವಂತಿಲ್ಲ. ವಿದ್ಯುತ್ತನ್ನು ಅದೇ ಕೇಬಲ್ ಮೂಲಕ ಬಯಾಸ್-ಟೀ (ಸಂಕೇತದ ಕೇಬಲ್‌ಗೇ ಡಿಸಿ ವಿದ್ಯುತ್ತನ್ನು ಸೇರಿಸುವ ಬಿಡಿಭಾಗ) ಇಟ್ಟು ಕಳಿಸಿ. ನೀವು ಪ್ರಸಾರವನ್ನೂ ಮಾಡುವವರಾದರೆ ಪ್ರಸಾರದ ಹೊತ್ತಿನಲ್ಲಿ ಪ್ರಿಆಂಪ್‌ನ್ನು ಬಳಸಿ ಹೋಗುವ ರಿಲೇ ಬೈಪಾಸ್ ಕಡ್ಡಾಯ. ಒಮ್ಮೆ ಮರೆತು ಪಿಟಿಟಿ (ಪ್ರಸಾರದ ಗುಂಡಿ) ಒತ್ತಿದರೆ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಹತ್ತಿರದಲ್ಲಿ ಎಫ್‌ಎಂ ಪ್ರಸಾರದ ಗೋಪುರವಿದ್ದರೆ ಪ್ರಿಆಂಪ್‌ನ ಮುಂದೆ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ. ಅದು ಅರ್ಧ ಡೆಸಿಬೆಲ್ ತಿಂದರೂ ತಿನ್ನಲಿ, ಓವರ್‌ಲೋಡ್ ಆದ ಆಂಪ್ಲಿಫೈಯರಿಗೆ ನಾಯ್ಸ್ ಫಿಗರ್ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕಿಂತ ಉತ್ತಮ ಪ್ರಿಆಂಪ್ ಹುಡುಕುವ ಅಗತ್ಯವಿಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ನಾಯ್ಸ್ ಕೆಲವು ನೂರು ಕೆಲ್ವಿನ್ ಇರುತ್ತದೆ, ಕಂಬದ ಮೇಲೆ ಪ್ರಿಆಂಪ್ ಇಟ್ಟ ನಿಮ್ಮ ಇಡೀ ವ್ಯವಸ್ಥೆಯದು 95ರಷ್ಟು. ಆವೃತ್ತಿ ಇಳಿದಂತೆ ಆಕಾಶದ ಪಾಲು ಇನ್ನೂ ಏರುತ್ತದೆ: ಗೌರಿಬಿದನೂರಿನ ರೇಡಿಯೊ ದೂರದರ್ಶಕದ 34.5 ಮೆಗಾಹರ್ಟ್ಸ್‌ನಲ್ಲಿ ಅದು ಹತ್ತು ಸಾವಿರ ಕೆಲ್ವಿನ್‌ನ ಮಟ್ಟದ್ದು, ಅಲ್ಲಿ ಅರ್ಧ ಡೆಸಿಬೆಲ್‌ಗಾಗಿ ಪರದಾಡುವುದು ವ್ಯರ್ಥ.

ಪ್ರಶ್ನೆ: ನಾನು ಕಟ್ಟಿದ 2.4 ಗಿಗಾಹರ್ಟ್ಸ್ ಎಲ್‌ಎನ್‌ಎ ಬೆರಳು ಹತ್ತಿರ ತಂದರೆ ಸಾಕು, ಎಳೆದುಕೊಳ್ಳುವ ಕರೆಂಟನ್ನು ಬದಲಿಸುತ್ತದೆ; ಗೇನ್ ಕೂಡ ಸ್ಥಿರವಾಗಿಲ್ಲ. ಟ್ರಾನ್ಸಿಸ್ಟರ್ ಕೆಟ್ಟಿದೆಯೇ? (ಹುಬ್ಬಳ್ಳಿಯ ಪಾಲಿಟೆಕ್ನಿಕ್ ಉಪನ್ಯಾಸಕರು)

ಉತ್ತರ: ಕೆಟ್ಟಿಲ್ಲ, ಆಂಪ್ಲಿಫೈಯರ್ ಆಸಿಲೇಟ್ ಆಗುತ್ತಿದೆ. ಅದೂ 2.4 ಗಿಗಾಹರ್ಟ್ಸ್‌ನಲ್ಲೇ ಆಗಬೇಕೆಂದಿಲ್ಲ. ಟ್ರಾನ್ಸಿಸ್ಟರಿಗೆ ಕೆಳ ಆವೃತ್ತಿಗಳಲ್ಲಿ ಗೇನ್ ಇನ್ನೂ ಹೆಚ್ಚಿರುವುದರಿಂದ ಕೆಲವು ನೂರು ಮೆಗಾಹರ್ಟ್ಸ್‌ನಲ್ಲಿಯೂ ಆಗಬಹುದು. ಸ್ಪೆಕ್ಟ್ರಮ್ ಅನಲೈಸರನ್ನು ಆದಷ್ಟು ಕೆಳಗಿನಿಂದ ಹಿಡಿದು ಅದು ತಲುಪುವಷ್ಟು ಮೇಲಿನವರೆಗೆ ಓಡಿಸಿ ನೋಡಿ, ಸ್ಥಿರತೆಯ ಕೆ ಅಂಶವನ್ನೂ ಆ ಪೂರ್ತಿ ವ್ಯಾಪ್ತಿಯಲ್ಲೇ ಲೆಕ್ಕ ಹಾಕಿ. ಹೆಚ್ಚಿನ ಬೋರ್ಡುಗಳಲ್ಲಿ ದೋಷ ಸಿಗುವುದು ಸೋರ್ಸ್ ಪಿನ್‌ನಿಂದ ನೆಲಕ್ಕೆ (ಗ್ರೌಂಡ್‌ಗೆ) ಇಳಿಯುವ ವಯಾಗಳಲ್ಲಿ, ಅಂದರೆ ಬೋರ್ಡಿನ ಪದರಗಳನ್ನು ಜೋಡಿಸುವ ಲೋಹ ಲೇಪಿತ ತೂತುಗಳಲ್ಲಿ: ಒಂದೇ ವಯಾ ಇದ್ದರೆ ಅದರ ಇಂಡಕ್ಟೆನ್ಸೇ ನೀವು ಬಯಸದ ಫೀಡ್‌ಬ್ಯಾಕ್ ಆಗುತ್ತದೆ. ಪಿನ್‌ನ ಪಕ್ಕದಲ್ಲೇ ಮೂರು ನಾಲ್ಕು ವಯಾಗಳನ್ನು ಹಾಕಿ. ಅಷ್ಟಕ್ಕೂ ನಿಲ್ಲದಿದ್ದರೆ ಡ್ರೈನ್‌ನಲ್ಲಿ ಸರಣಿಯಾಗಿ 10 ಓಂನ ರೆಸಿಸ್ಟರ್ ಇಡಿ, ಗೇನ್ ಸ್ವಲ್ಪ ಹೋದರೂ ನಾಯ್ಸ್ ಹೆಚ್ಚೇನೂ ಕೆಡುವುದಿಲ್ಲ. ಅದೇ ರೆಸಿಸ್ಟರನ್ನು ಗೇಟಿನಲ್ಲಿ ಮಾತ್ರ ಇಡಬೇಡಿ. ಕಾರಣವನ್ನು ಮೇಲಿನ ವಿದ್ಯಾರ್ಥಿನಿಯ 20 ಓಂನಲ್ಲಿ ಈಗಾಗಲೇ ಕಂಡಿದ್ದೀರಿ.