ಗಂಟೆ ಎಣಿಸೋ ಮಗ, ಇಎಮ್‌ಐ ಎಣಿಸೋ ಅಪ್ಪ

ನಾನು ಕೌನ್ಸೆಲರ್, ಇದು ನನ್ನ ಹತ್ರ ಬಂದ ಒಬ್ಬ ಪೈಲಟ್ ಹುಡುಗನ ಕತೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ, ಹುಡುಗನ ಒಪ್ಪಿಗೆ ತಗೊಂಡೇ ಬರೀತಿದೀನಿ.

ವಯಸ್ಸು 26. ಮನೆ ಪುಣೆ ಹತ್ರ ಚಿಂಚ್ವಡದಲ್ಲಿ, ಮೂಲ ವಿಜಯಪುರ ಕಡೆ. ಅಪ್ಪ ಫ್ಯಾಕ್ಟರೀಲಿ ಫಿಟ್ಟರ್ ಆಗಿದ್ದು ರಿಟೈರ್ ಆದವ್ರು, ಊರಲ್ಲಿದ್ದ ಹೊಲದಲ್ಲಿ ಒಂದು ಭಾಗ ಮಾರಿ, ಮೇಲೆ 40 ಲಕ್ಷ ಬ್ಯಾಂಕ್ ಸಾಲ ಮಾಡಿ ಮಗನಿಗೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮಾಡಿಸಿದಾರೆ. ಏರ್‌ಲೈನ್ ಕೆಲಸ ಸಿಗ್ಲಿಲ್ಲ, ಸುಮ್ನೆ ಕೂತ್ರೆ ಹಾರಿಸೋ ರೂಢಿ ತಪ್ಪುತ್ತೆ ಅಂತ ಹುಡುಗ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡ್ಕೊಂಡು ಒಂದು ಟ್ರೇನಿಂಗ್ ಅಕಾಡೆಮೀಲಿ ಸೆಸ್ನಾ 172 ಅನ್ನೋ ಸಣ್ಣ ವಿಮಾನದ ಮೇಲೆ ಹುಡುಗರಿಗೆ ಹಾರಿಸೋದು ಕಲಿಸ್ತಿದಾನೆ. ನನ್ನ ಹತ್ರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ.

ಕೂತ ತಕ್ಷಣ ಕೇಳಿದ್ದು, "ಮೇಡಂ, ಇದು ಎಲ್ಲ್ಯಾರ ರೆಕಾರ್ಡ್ ಆಗ್ತದೇನ್ರಿ? ನನ್ನ ಕ್ಲಾಸ್ ಒನ್ ಮೆಡಿಕಲ್ ಹೋತಂದ್ರ ಎಲ್ಲಾ ಮುಗೀತ್ರಿ." ಕ್ಲಾಸ್ ಒನ್ ಮೆಡಿಕಲ್ ಅಂದ್ರೆ ಪೈಲಟ್ ಕೆಲಸಕ್ಕೆ ಬೇಕಾದ ಆರೋಗ್ಯ ಸರ್ಟಿಫಿಕೇಟ್. ಪೈಲಟ್‌ಗಳಲ್ಲಿ ಈ ಭಯ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ ಸಹಾಯ ಬೇಕಾದವ್ರು ಸಹಾಯದಿಂದಲೇ ಓಡ್ತಾರೆ. ಓಡಿ ಎಲ್ಲಿಗೆ ಹೋಗ್ತಾರೆ? ಇವನು ಮೆಡಿಕಲ್ ಶಾಪಿಗೆ ಹೋಗಿದ್ದ. ಯಾರೋ ಫ್ರೆಂಡ್ ಹೇಳಿದ ನಿದ್ದೆ ಮಾತ್ರೆ ತಗೊಂಡು ಮಲಗಿ, ಬೆಳಗ್ಗೆ ಐದೂವರೆಗೆ ಏರ್‌ಸ್ಟ್ರಿಪ್‌ನಲ್ಲಿ ಹಾಜರ್. ಅವತ್ತು ನಾನು ಬೇರೆ ಯಾವ ಮಾತಿಗೂ ಹೋಗ್ಲಿಲ್ಲ. ಮಾತ್ರೆ ತಗೊಂಡು ವಿಮಾನ ಹತ್ತೋದು ಇವತ್ತಿಗೆ ನಿಲ್ಲಬೇಕು, ಪಕ್ಕದ ಸೀಟಲ್ಲಿ ಇನ್ನೂ ಲ್ಯಾಂಡಿಂಗ್ ಬರದಿರೋ ಹುಡುಗ ಕೂತಿರ್ತಾನೆ, ನಿದ್ದೆ ಆಗದ ದಿನ ಹಾರಲ್ಲ ಅಂತ ಹೇಳೋದು ನಿನ್ನ ಕೆಲಸದ್ದೇ ಭಾಗ ಅಂದೆ. ಮಾತ್ರೆ ವಿಷಯ ನಾನು ತೀರ್ಮಾನ ಮಾಡೋದಲ್ಲ, ಪೈಲಟ್ ಮೆಡಿಕಲ್ ಮಾಡೋ ಡಾಕ್ಟರ್ ಹತ್ರ ಮುಚ್ಚಿಡದೆ ಮಾತಾಡು ಅಂತ ಕಳಿಸಿದೆ. ಎರಡು ವಾರ ಮುಂದೂಡಿ ಆಮೇಲೆ ಹೋದ.

ಮುಂದಿನ ಸಲ ಒಂದು ನೋಟ್‌ಬುಕ್ ತಂದಿದ್ದ. ಮೊದಲ ಪುಟದ ಮೇಲೆ ದಪ್ಪಗೆ 1500, ಕೆಳಗೆ ದಿನಾ ಕಳೀತಾ ಬಂದಿರೋ ಲೆಕ್ಕ. ಅದು ವಿಮಾನ ಹಾರಿಸಿದ ಗಂಟೆಗಳ ಲೆಕ್ಕ, ಆವಾಗ ಅವನದ್ದು 430 ಗಂಟೆ ಆಗಿತ್ತು. ನನಗೆ ವಿಮಾನದ ಗಂಧ ಗಾಳಿ ಇಲ್ಲ, ಹಾಗಾಗಿ ನನಗೆ ಪಾಠ ಮಾಡಪ್ಪ ಅಂದೆ, ಮಾಡಿದ, ಚೆನ್ನಾಗೇ ಮಾಡಿದ (ಒಳ್ಳೆ ಮೇಷ್ಟ್ರು ಅಂತ ಆಗ್ಲೇ ಅನ್ನಿಸ್ತು). ಸ್ಟೂಡೆಂಟ್ ಹಾರಿಸ್ತಿದ್ರೂ ಇನ್‌ಸ್ಟ್ರಕ್ಟರ್ ಲಾಗ್‌ಬುಕ್ಕಲ್ಲಿ ಅದು ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತ ಪೈಲಟ್) ಗಂಟೆ ಅಂತ ಸೇರತ್ತೆ, ಅಂದ್ರೆ ಗಂಟೆಗೆ ದುಡ್ಡು ಕೊಡೋ ಬದಲು ದುಡ್ಡು ತಗೊಂಡು ಗಂಟೆ ಗಳಿಸೋದು, ಅದಕ್ಕೇ ಎಲ್ರೂ ಈ ದಾರಿ ಹಿಡಿಯೋದು. ಸರಿ, 1500 ಯಾಕೆ? ಅದು ಎಟಿಪಿಎಲ್ ಅನ್ನೋ ಮೇಲ್ಮಟ್ಟದ ಏರ್‌ಲೈನ್ ಪೈಲಟ್ ಲೈಸೆನ್ಸ್‌ಗೆ ಬೇಕು, ಮುಂದೆ ಕ್ಯಾಪ್ಟನ್ ಆಗೋಕೆ. ಹಾಗಾದ್ರೆ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗಿ ಸೇರೋಕೆ? ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ, ನಮ್ಮಲ್ಲಿ 200 ಗಂಟೆ ಲೈಸೆನ್ಸ್, ಅದರ ಮೇಲೆ ಟೈಪ್ ರೇಟಿಂಗ್ ಅಂದ್ರೆ ಆ ಮಾದರಿ ವಿಮಾನ ಹಾರಿಸೋಕೆ ಬೇರೆ ಟ್ರೇನಿಂಗ್ ಮತ್ತು ಅನುಮತಿ, ಆಮೇಲೆ ಕಂಪನಿ ಪರೀಕ್ಷೆ. 1500 ಬೇಡ.

ಹಾಗಾದ್ರೆ 1500 ತಲೇಲಿ ಕೂತಿದ್ದು ಎಲ್ಲಿಂದ? ಅವನು ರಾತ್ರಿ ನೋಡ್ತಿದ್ದ ವಿಡಿಯೋಗಳೆಲ್ಲ ಅಮೆರಿಕದವು. ಅಲ್ಲಿ 2009ರಲ್ಲಿ ಬಫಲೋ ಹತ್ರ ಒಂದು ಸಣ್ಣ ಏರ್‌ಲೈನ್ ವಿಮಾನ ಬಿದ್ದು 50 ಜನ ಸತ್ತ ಮೇಲೆ, 2013ರಿಂದ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಇರಲೇಬೇಕು ಅಂತ ಮಾಡಿದ್ರು. ಅದಕ್ಕೇ ಅಲ್ಲಿನ ಹುಡುಗರು ಇನ್‌ಸ್ಟ್ರಕ್ಟರ್ ಆಗಿ ಗಂಟೆ ಕೂಡಿಸ್ತಾರೆ, 1500 ಮುಟ್ಟಿದ ದಿನ ಕೇಕ್ ಕತ್ತರಿಸ್ತಾರೆ. ಅವನೇ ಹೇಳಿದ ಇನ್ನೊಂದು ಮಾತು ಏನಂದ್ರೆ ಆ ಬಿದ್ದ ವಿಮಾನದ ಇಬ್ರೂ ಪೈಲಟ್‌ಗಳಿಗೆ 1500ಕ್ಕಿಂತ ಜಾಸ್ತಿನೇ ಅನುಭವ ಇತ್ತಂತೆ, ತನಿಖೆಯಲ್ಲಿ ಅವರ ದಣಿವಿನ ಮಾತೂ ಬಂದಿತ್ತಂತೆ. ಇದನ್ನ ಹೇಳ್ತಿರೋವಾಗ್ಲೇ ಅವನ ಕಣ್ಣು ಕೆಂಪಗಿತ್ತು, ನಾನು ಏನೂ ಸೇರಿಸ್ಲಿಲ್ಲ.

ಆಮೇಲೆ ದುಡ್ಡಿನ ಲೆಕ್ಕ. ತಿಂಗಳಿಗೆ 25 ಸಾವಿರ ಫಿಕ್ಸ್, ಹಾರಿದ ಗಂಟೆಗೆ 800. ಒಳ್ಳೆ ತಿಂಗಳು 50 ಗಂಟೆ ಆದ್ರೆ 65 ಸಾವಿರ. ಜುಲೈನಲ್ಲಿ ಮೋಡ ಕೆಳಗಿಳಿದು ವಿಸಿಬಿಲಿಟಿ ಇಲ್ಲ, ಎರಡು ವಿಮಾನ ಮೇಂಟೆನೆನ್ಸ್‌ಗೆ ನಿಂತಿವೆ, 14 ಗಂಟೆ, 36 ಸಾವಿರ ಚಿಲ್ಲರೆ. ಇಎಮ್‌ಐ 55 ಸಾವಿರ. ಗಂಟೆ ಅಂದ್ರೆ ವಿಮಾನ ಕದಲಿದಾಗಿಂದ ನಿಲ್ಲೋವರೆಗೆ ಮಾತ್ರ. ಹಾರೋ ಮುಂಚಿನ ಬ್ರೀಫಿಂಗ್, ಇಳಿದ ಮೇಲಿನ ಡಿಬ್ರೀಫಿಂಗ್, ಗ್ರೌಂಡ್ ಕ್ಲಾಸ್, ಹವೆ ತಿಳಿಯಾಗ್ಲಿ ಅಂತ ಕಾಯೋದು ಎಲ್ಲಾ ಪುಕ್ಸಟ್ಟೆ. ಡ್ಯೂಟೀಲಿರೋ ತಾಸುಗಳಿಂದ ಭಾಗಿಸು ಅಂದೆ. ದಿನಕ್ಕೆ ಹತ್ತು ತಾಸು, 26 ದಿನ, ಒಳ್ಳೆ ತಿಂಗಳಲ್ಲೂ ತಾಸಿಗೆ 250 ರೂಪಾಯಿ. ನಕ್ಕ. ಬಂದಾಗಿಂದ ಮೊದಲ ಸಲ ನಕ್ಕಿದ್ದು.

ಇಷ್ಟರಲ್ಲಿ ಇನ್ನೊಂದು ಬಾಯಿ ಬಿಟ್ಟ. ಹಾರಿದ್ದು 0.9 ಗಂಟೆ ಇದ್ರೆ ಲಾಗ್‌ಬುಕ್ಕಲ್ಲಿ 1.2 ಅಂತ ಬರಿ, ನಿನಗೂ ದುಡ್ಡು, ಸ್ಟೂಡೆಂಟ್‌ಗೂ ಬೇಗ 200 ಆಗತ್ತೆ ಅಂತ ಅಲ್ಲೊಬ್ಬರು ಹೇಳ್ತಿದಾರಂತೆ. ಇವನು ಬರೆದಿಲ್ಲ, ಆದ್ರೆ ಬರೀದೇ ಇರೋನು ಪೆದ್ದ ಅನ್ನೋ ಹಾಗೆ ನೋಡ್ತಾರಂತೆ. ಇಲ್ಲಿ ನಾನು ಸಾಮಾನ್ಯವಾಗಿ ಇರೋ ಹಾಗೆ ತಟಸ್ಥವಾಗಿ ಇರ್ಲಿಲ್ಲ. ಬೇಡ, ಒಂದು ಸಲಾನೂ ಬೇಡ ಅಂತ ನೇರ ಹೇಳಿದೆ. ವಿಮಾನದ ಲಾಗ್‌ನಲ್ಲಿ ಇಂಜಿನ್ ಗಂಟೆ ಬೇರೆ ಇರತ್ತೆ, ಸಿಕ್ಕಿಬಿದ್ರೆ ಲೈಸೆನ್ಸೇ ಹೋಗತ್ತೆ ಅನ್ನೋದು ಒಂದು. ಆ ಸ್ಟೂಡೆಂಟ್ ಮುಂದೆ ಯಾವತ್ತೋ ಹಾರದೇ ಇರೋ ಗಂಟೆಗಳ ಧೈರ್ಯದ ಮೇಲೆ ಜನರನ್ನ ಕೂರಿಸ್ಕೊಂಡು ಹೋಗ್ತಾನೆ ಅನ್ನೋದು ಇನ್ನೊಂದು.

ಅಪ್ಪನ್ನ ಒಂದು ಸಲ ಕರೆಸಿದೆ. "ಅಲ್ರೀ ಮೇಡಂ, ವಿಮಾನ ಹಾರಸ್ತೀನಿ ಅಂತ ಹೋದಾಂವ ಸಾಲಿ ಮಾಸ್ತರ ಆಗಿ ಕುಂತಾನ, ಕನ್ಯಾ ನೋಡಾಕ ಹೋದ್ರ ಇಂಡಿಗೋನೋ ಏರ್ ಇಂಡಿಯಾನೋ ಅಂತ ಕೇಳ್ತಾರ, ಏನ್ ಹೇಳೂಣ?" ಅಂದ್ರು. ನಾನು ಉತ್ತರ ಕೊಡೋಕೆ ಹೋಗ್ಲಿಲ್ಲ, ಫ್ಯಾಕ್ಟರೀಲಿ ನಿಮಗೆ ಕೆಲಸ ಕಲಿಸಿದ್ದು ಯಾರು ಅಂತ ಕೇಳಿದೆ. ಒಬ್ಬ ಹಳೇ ಮರಾಠಿ ಫೋರ್‌ಮನ್ ಬಗ್ಗೆ ಅರ್ಧ ತಾಸು ಮಾತಾಡಿದ್ರು, ಹೇಗೆ ಬೈದು ಬೈದು ಕಲಿಸಿದ, ಹೇಗೆ ಕೈ ಕಟ್ ಆಗೋದು ತಪ್ಪಿಸಿದ ಅಂತ. ಮಗ ಪಕ್ಕದಲ್ಲೇ ಕೂತು ಕೇಳ್ತಿದ್ದ. ಅವಮಾನದ ಮಾತು ಒಂದೇ ದಿನಕ್ಕೆ ಹೋಗಲ್ಲ, ಆದ್ರೆ ಅವತ್ತಿಂದ ಮನೇಲಿ ದಿನಾ ರಾತ್ರಿ "ಏನಾತು, ಕಾಲ್ ಬಂತೇನು" ಅನ್ನೋದು ನಿಂತಿದೆ, ಭಾನುವಾರಕ್ಕೆ ಒಂದು ಸಲ ಕೇಳಿದ್ರೆ ಸಾಕು ಅಂತ ಒಪ್ಪಂದ ಆಗಿದೆ.

ಹುಡುಗನಿಗೆ ಹೇಳಿದ್ದು ಇಷ್ಟು. ನೋಟ್‌ಬುಕ್ಕಲ್ಲಿ 1500 ಬೇಡ, ಈ ವರ್ಷ ಎಷ್ಟು ಏರ್‌ಲೈನ್ ಅರ್ಜಿ ಹಾಕಿದೆ, ಪರೀಕ್ಷೆಗೆ ಏನು ಓದಿದೆ ಅಂತ ಬರಿ. ಅಕಾಡೆಮಿ ಜೊತೆ ಬಾಯಿಮಾತು ಬಿಟ್ಟು ಬರಹದಲ್ಲಿ ಕೇಳು, ಮಳೆಗಾಲದಲ್ಲಿ ಹಾರಲಿ ಬಿಡಲಿ ತಿಂಗಳಿಗೆ ಕನಿಷ್ಠ ಇಷ್ಟು ಗಂಟೆ ದುಡ್ಡು ಅಂತ. ಇಷ್ಟು ದಿನ ಕೆಲಸ ಬಿಡಲ್ಲ ಅಂತ ಅಕಾಡೆಮಿ ಬರೆಸ್ಕೊಳ್ಳೋ ಬಾಂಡ್‌ಗೆ ಸಹಿ ಹಾಕೋ ಮುಂಚೆ ಏರ್‌ಲೈನ್ ಕರೆ ಬಂದ್ರೆ ಎಷ್ಟು ದಿನ ನೋಟಿಸ್ ಅಂತ ನೋಡು. ಬ್ಯಾಂಕಿಗೆ ಇಎಮ್‌ಐ ತಪ್ಪೋ ಮುಂಚೆ ಹೋಗು, ತಪ್ಪಿದ ಮೇಲಲ್ಲ.

ಇವನು ತಿಂಗಳಿಗೆ ಕನಿಷ್ಠ 30 ಗಂಟೆ ದುಡ್ಡು ಕೇಳಿದ್ದಕ್ಕೆ ಅಕಾಡೆಮಿಯವ್ರು 20 ಗಂಟೆಗೆ ಒಪ್ಪಿದಾರೆ. ಬ್ಯಾಂಕ್ ಅವಧಿ ವಿಸ್ತರಿಸಿದೆ, ಬಡ್ಡಿ ಜಾಸ್ತಿ ಹೋಗತ್ತೆ, ಗೊತ್ತಿದ್ದೇ ತಗೊಂಡಿರೋದು. ನಿದ್ದೆ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ. ಟೈಪ್ ರೇಟಿಂಗ್‌ಗೆ ಮತ್ತೆ ಸಾಲ ಮಾಡೋ ವಿಷಯಕ್ಕೆ ಅಪ್ಪ ಮಗ ಇನ್ನೂ ಜಗಳ ಆಡ್ತಾರೆ, ಏರ್‌ಲೈನ್ ಲೆಟರ್ ಕೈಗೆ ಬರೋವರೆಗೂ ಉಳಿದ ಹೊಲ ಮುಟ್ಟಲ್ಲ ಅನ್ನೋದಕ್ಕೆ ಮಾತ್ರ ಇಬ್ರೂ ಒಪ್ಪಿದಾರೆ.